ಡಿಪೊ ಗುರ್ ಎನ್ನಲಿಲ್ಲ

ಗುರುವಾರ ಸಂಜೆ ಆರು ಗಂಟೆ ಹತ್ತು ನಿಮಿಷ. ಡಿಪೊ ಕಚ್ಚಿತು.

ಡಿಪೊ ಎಂದರೆ ನಾಯಿ. ಕಚ್ಚಿದ್ದು ಮನೆಯ ಮಗಳನ್ನೇ, ಬಲಗೈ ಹೆಬ್ಬೆರಳಿನ ಬುಡಕ್ಕೆ. ಎರಡು ಹಲ್ಲು ಆಳಕ್ಕೆ ಇಳಿದು ರಕ್ತ ಬಂತು. ಕಚ್ಚುವ ಮುಂಚೆ ನಾಯಿ ಬೊಗಳಲಿಲ್ಲ, ಹಲ್ಲು ತೋರಿಸಲಿಲ್ಲ, ಗುರ್ ಎನ್ನಲಿಲ್ಲ.

ಮಗಳು ಟೈಲರ್. ಬೀದಿಯವರು ಅವಳನ್ನು ಸೂಜಿ ಎಂದು ಕರೆಯುತ್ತಾರೆ. ಮೈಯೂ ಸಣ್ಣ, ಹೊಲಿಗೆಯೂ ಸಣ್ಣ, ಮಾತು ಮಾತ್ರ ಚುಚ್ಚುತ್ತದೆ. ಮನೆಯ ಮುಂದಿನ ಕೋಣೆಯೇ ಅವಳ ಅಂಗಡಿ. ಒಂದು ಹೊಲಿಗೆ ಯಂತ್ರ, ಒಂದು ಕತ್ತರಿಸುವ ಮೇಜು, ಗೋಡೆಗೆ ಹೊಡೆದ ಮೊಳೆಗಳಲ್ಲಿ ಅರ್ಧ ಹೊಲಿದ ರವಿಕೆ, ಅಂಗಿ. ಯಂತ್ರದ ಕೆಳಗೆ ಬಟ್ಟೆ ಚೂರುಗಳ ರಾಶಿ. ಅದರ ಮೇಲೆ ಡಿಪೊ ಮಲಗುತ್ತಿತ್ತು. ಆ ಸಂಜೆ ಗುರುತು ಹಾಕುವ ಸೀಮೆಸುಣ್ಣ ಉರುಳಿ ಅತ್ತ ಹೋಯಿತು. ಸೂಜಿ ಬಗ್ಗಿ ಕೈ ಚಾಚಿದಳು. ಅವಳ ಬಳೆ ನಾಯಿಯ ಎಡಗಿವಿಗೆ ತಾಗಿತು. ಅಷ್ಟೇ.

ಕೂಗು ಕೇಳಿ ಒಳಗಿನಿಂದ ಅಪ್ಪ ಓಡಿ ಬಂದ. ಮೂವತ್ತೊಂದು ವರ್ಷ ಬಸ್ ಕಂಡಕ್ಟರ್ ಆಗಿದ್ದವನು, ಈಗ ನಿವೃತ್ತ. ಮೊದಲು ನೆಲದ ರಕ್ತ ನೋಡಿದ. ಆಮೇಲೆ ನಾಯಿಯನ್ನು ನೋಡಿದ. ಕೊನೆಗೆ ಮಗಳನ್ನು ನೋಡಿದ. ಆಮೇಲೆ ಬಾಗಿಲು ಮುಂದಕ್ಕೆ ಹಾಕಿ ಹೇಳಿದ:

"ಯಾರಿಗೂ ಹೇಳ್ಬೇಡ ಕಣೇ. ಭಾನುವಾರ ಪರೀಕ್ಷೆ ಇದೆ."

ಸೂಜಿಗೆ ಕೈಯ ನೋವಿಗಿಂತ ಈ ಮಾತು ಆಳಕ್ಕೆ ಇಳಿಯಿತು.

"ಏನಪ್ಪಾ ಅಂದೆ? ಕೈಯಿಂದ ರಕ್ತ ಸುರೀತಾ ಇದೆ. 'ನೋವಾಯ್ತಾ ಮಗಳೇ' ಅಂತ ಒಂದು ಮಾತು ಬರಲಿಲ್ಲ ಬಾಯಲ್ಲಿ. ನಾಯಿ ಪರೀಕ್ಷೆಯಂತೆ ಪರೀಕ್ಷೆ!"

"ಹಾಗಲ್ವೇ..."

"ಹಾಗೇ!"

ಹಾಕಿದ ಬಾಗಿಲನ್ನು ಎದುರುಮನೆಯ ಮೆಕ್ಯಾನಿಕ್ ತಳ್ಳಿಕೊಂಡು ಒಳಗೆ ಬಂದ. ಒಂದು ಕೈಯಲ್ಲಿ ಸ್ಪ್ಯಾನರ್, ಇನ್ನೊಂದು ಕೈಯ ಮುಷ್ಟಿ ತುಂಬ ಖಾರದ ಪುಡಿ. ಬೀದಿಯಲ್ಲಿ ಯಾರು ಕೂಗಿದರೂ ಮೊದಲು ಬರುವವನು ಅವನು, ತಪ್ಪು ಸಲಹೆ ಕೊಡುವವನೂ ಅವನೇ.

"ಹಿಡಿ ಕೈನ. ಇದನ್ನ ಮೆತ್ತಿದ್ರೆ ವಿಷ ಎಳ್ಕೊಳ್ಳುತ್ತೆ."

"ನಿಮ್ಮ ಸ್ಕೂಟರಿಗೆ ಮೆತ್ಕೊಳ್ಳಿ ಮಾಮ. ದಾರಿ ಬಿಡಿ!"

ಅವಳು ನೇರ ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿದಳು. ನಲ್ಲಿಯ ಮೇಲೆ ಒಂದು ಚೀಟಿ ಅಂಟಿಸಿತ್ತು. 'ಕಚ್ಚಿದರೆ ಮೊದಲು ನಲ್ಲಿ. ಸೋಪು. ಗಡಿಯಾರ ನೋಡಿ ಹದಿನೈದು ನಿಮಿಷ. ಅದೇ ದಿನ ಆಸ್ಪತ್ರೆ.' ಅಂಟಿಸಿದವಳು ಪೋಸ್ಟಕ್ಕ. ಅವಳು ಅಂಚೆ ಬಟವಾಡೆ ಮಾಡುವವಳು. ಭಾನುವಾರ ಬೆಳಿಗ್ಗೆ ಹಳೇ ಗೋದಾಮಿನ ಅಂಗಳದಲ್ಲಿ ನಾಯಿಗಳಿಗೆ, ನಾಯಿ ಸಾಕಿದವರಿಗೆ ತರಗತಿ ನಡೆಸುತ್ತಾಳೆ. ತರಗತಿಗೆ ಬರುವ ಪ್ರತಿ ಮನೆಯ ಬಚ್ಚಲಿಗೂ ತಾನೇ ನುಗ್ಗಿ ಈ ಚೀಟಿ ಅಂಟಿಸಿ ಬಂದಿದ್ದಳು. ಅಂಟಿಸುವಾಗ ಸೂಜಿ ನಕ್ಕಿದ್ದಳು. ಈಗ ಗಡಿಯಾರ ನೋಡುತ್ತ ಹಲ್ಲು ಕಚ್ಚಿ ಕೈ ತೊಳೆಯುತ್ತಿದ್ದಳು.

ಹೊರಗೆ ಮೆಕ್ಯಾನಿಕ್ ಅಪ್ಪನಿಗೆ ಹೇಳುತ್ತಿದ್ದದ್ದು ಕೇಳಿಸಿತು. "ಒಂದು ಗೋಣಿಚೀಲ ಕೊಡಿ ಕಂಡಕ್ಟ್ರೇ. ಬೆಳಗಾಗೋದ್ರೊಳಗೆ ಹೊಳೆ ಆಚೆ ಬಿಟ್ಟು ಬರ್ತೀನಿ. ಬೀದೀಲಿ ಮಕ್ಕಳು ಮರಿ ಓಡಾಡ್ತವೆ."

"ತಗೊಂಡು ಹೋಗಿ!" ಎಂದು ಸೂಜಿ ಬಚ್ಚಲಿನಿಂದಲೇ ಕಿರುಚಿದಳು. "ಈಗಲೇ ತಗೊಂಡು ಹೋಗಿ!"

ಆಸ್ಪತ್ರೆಯಲ್ಲಿ ಡ್ಯೂಟಿ ಡಾಕ್ಟರು ಗಾಯ ನೋಡಿದರು. ಮತ್ತೆ ತೊಳೆದರು. ಗಾಯದ ಸುತ್ತ ಒಂದು ಔಷಧಿ ಚುಚ್ಚಿದರು, ತೋಳಿಗೆ ಲಸಿಕೆ ಹಾಕಿದರು. ಮುಂದಿನ ಲಸಿಕೆಗಳಿಗೆ ಯಾವ ಯಾವ ದಿನ ಬರಬೇಕು ಎಂದು ಚೀಟಿ ಬರೆದುಕೊಟ್ಟರು.

"ನಮ್ಮ ನಾಯಿಗೆ ವರ್ಷ ವರ್ಷ ಹುಚ್ಚುನಾಯಿ ರೋಗದ ಇಂಜೆಕ್ಷನ್ ಹಾಕ್ಸಿದೀವಿ ಡಾಕ್ಟ್ರೇ," ಎಂದ ಅಪ್ಪ.

"ಒಳ್ಳೇದು. ಆದ್ರೂ ಕಚ್ಚಿಸಿಕೊಂಡವರು ಬರಲೇಬೇಕು. ಈ ರೋಗ ಒಂದು ಸಲ ಶುರುವಾದ್ರೆ ನಮ್ಮ ಕೈಲಿ ಏನೂ ಇರಲ್ಲ. ಶುರುವಾಗದ ಹಾಗೆ ತಡೀಬಹುದು, ಅಷ್ಟೇ."

"ಹೊಲಿಗೆ ಹಾಕಲ್ವಾ?" ಎಂದಳು ಸೂಜಿ.

"ಕಚ್ಚಿದ ಗಾಯಕ್ಕೆ ತಕ್ಷಣ ಹಾಕೋದಿಲ್ಲಮ್ಮ."

"ಊರಿಗೆಲ್ಲ ಹೊಲಿಯೋಳಿಗೆ ಒಂದು ಹೊಲಿಗೆ ಇಲ್ಲ ನೋಡಿ."

ಡಾಕ್ಟರು ನಗಲಿಲ್ಲ. "ನಾಯಿ ಎಲ್ಲಿ ಈಗ?"

"ಮನೇಲಿ. ಬೆಳಗಾಗೋದ್ರೊಳಗೆ ಹೊಳೆ ಆಚೆ ಹೋಗುತ್ತೆ."

"ಎಲ್ಲೂ ಹೋಗಕೂಡದು." ಡಾಕ್ಟರು ಪೆನ್ನು ಕೆಳಗಿಟ್ಟರು. "ಹತ್ತು ದಿನ ಅದು ನಿಮ್ಮ ಕಣ್ಣೆದುರಿಗೇ ಇರಬೇಕು. ಕಟ್ಟಿ ಹಾಕಿ, ಊಟ ನೀರು ಕೊಡಿ, ಹೇಗಿದೆ ಅಂತ ನೋಡ್ತಾ ಇರಿ. ಕೊಂದ್ರೆ, ದೂರ ಬಿಟ್ಟು ಬಂದ್ರೆ, ಅದಕ್ಕೆ ರೋಗ ಇತ್ತೋ ಇಲ್ವೋ ನಮಗೆ ತಿಳಿಯೋದು ಹೇಗೆ? ಹೊಳೆ ಆಚೆಯೂ ಮಕ್ಕಳಿದಾರೆ. ಲಸಿಕೆ ಮಾತ್ರ ಹತ್ತು ದಿನ ಕಾಯೋ ಹಾಗಿಲ್ಲ. ಚೀಟೀಲಿ ಬರೆದ ದಿನ ತಪ್ಪಿಸಬೇಡಿ."

ವಾಪಸು ಬರುವಾಗ ಎರಡು ಬೀದಿ ದಾಟಿದ್ದರು. ಅಪ್ಪನಿಗೆ ತಡೆಯಲಾಗಲಿಲ್ಲ.

"ನಿನ್ನ ಕೈ ಹತ್ತು ದಿನಕ್ಕೆ ವಾಸಿಯಾಗುತ್ತೆ ಕಣಮ್ಮ. ನಿಮ್ಮಮ್ಮನ ಕೈ?"

"ಅಮ್ಮನ್ನ ಮಧ್ಯ ತರಬೇಡ."

"ತರದೆ? ಅವಳಿಗೋಸ್ಕರ ತಾನೇ ಇಷ್ಟೆಲ್ಲ?"

ಸಂಗತಿ ಇಷ್ಟು. ಸೂಜಿಯ ಅಮ್ಮನಿಗೆ ಲಕ್ವ ಹೊಡೆದು ಏಳು ತಿಂಗಳಾಗಿತ್ತು. ಊರ ಹೊರಗಿನ ಪುನರ್ವಸತಿ ಕೇಂದ್ರದಲ್ಲಿ ಇದ್ದಳು. ಎಡಗೈ ಮುಷ್ಟಿ ಕಟ್ಟಿಕೊಂಡು ಬೀಗ ಹಾಕಿದ ಹಾಗೆ ಕೂತಿತ್ತು. ಬುಧವಾರ ಬುಧವಾರ ಪೋಸ್ಟಕ್ಕ ತನ್ನ ನಾಯಿಯನ್ನು ಆ ಕೇಂದ್ರಕ್ಕೆ ಕರೆತರುತ್ತಿದ್ದಳು. ಸ್ಕೂಟರಿಗೆ ಸಿಕ್ಕಿ ಚರಂಡಿಯಲ್ಲಿ ಬಿದ್ದಿದ್ದ ಬೀದಿ ನಾಯಿ ಅದು. ಎತ್ತಿ, ಔಷಧಿ ಮಾಡಿ, ಆಪರೇಷನ್ ಮಾಡಿಸಿ, ಎರಡು ವರ್ಷ ಕಲಿಸಿ, ಪರೀಕ್ಷೆ ಮಾಡಿಸಿದ ಮೇಲೆ ರೋಗಿಗಳ ಹತ್ತಿರ ಬಿಟ್ಟಿದ್ದರು. ಮೂತಿ ಬೆಳ್ಳಗಾಗಿದ್ದರಿಂದ ಎಲ್ಲರಿಗೂ ಅದು 'ಅಜ್ಜಿ'. ಅಜ್ಜಿ ಬಂದು ಹಾಸಿಗೆಯ ಅಂಚಿಗೆ ಗಲ್ಲ ಇಟ್ಟು ನಿಲ್ಲುತ್ತಿತ್ತು. ಮೂರನೆಯ ಬುಧವಾರ ಅಮ್ಮನ ಎಡಗೈಯ ಮೂರು ಬೆರಳು ಬಿಚ್ಚಿಕೊಂಡು ಅದರ ಬೆನ್ನ ಮೇಲೆ ಹೋದವು.

"ನಾಯಿ ಔಷಧಿ ಅಲ್ಲ," ಎಂದು ಅಲ್ಲಿನ ಫಿಸಿಯೋಥೆರಪಿಸ್ಟ್ ಅಂದೇ ಸ್ಪಷ್ಟವಾಗಿ ಹೇಳಿದ್ದ. "ಆದ್ರೆ ಬೆರಳು ಬಿಡಿಸಿ ಅಂತ ನಾನು ಹೇಳಿದ್ರೆ ಐದು ಸಲ ಬಿಡಿಸ್ತಾರೆ. ಅಜ್ಜಿ ಬಂದ್ರೆ ಬೇಸರ ಇಲ್ಲದೆ ಐವತ್ತು ಸಲ."

ಆ ದಿನ ಅಮ್ಮ ತೊದಲುತ್ತ ಅಪ್ಪನಿಗೆ ಹೇಳಿದ್ದು ಎರಡೇ ಮಾತು: "ಡಿಪೊ... ಕರ್ಕೊಂಡ್ಬಾ."

ಡಿಪೊ ಅವಳ ಕೈಯಲ್ಲೇ ಬೆಳೆದದ್ದು. ನಾಲ್ಕು ವರ್ಷದ ಹಿಂದೆ ಬಸ್ ಡಿಪೊದ ರಿಪೇರಿ ಗುಂಡಿಗೆ ಬಿದ್ದಿದ್ದ ಮರಿಯನ್ನು ಪೋಸ್ಟಕ್ಕನ ಗುಂಪಿನವರು ಬಲೆ ಹಾಕಿ ಮೇಲೆತ್ತಿದ್ದರು. ಅಪ್ಪ ಅದನ್ನು ಅಂಗಿಯೊಳಗೆ ಇಟ್ಟುಕೊಂಡು ಮನೆಗೆ ತಂದಿದ್ದ. ಹೆಂಡತಿ ಕೇಳಿದ ಮೇಲೆ ಅಪ್ಪ ಮುಂದಿನ ಭಾನುವಾರವೇ ಡಿಪೊವನ್ನು ತರಗತಿಗೆ ಸೇರಿಸಿದ. ಪರೀಕ್ಷೆಯಲ್ಲಿ ಗೆದ್ದರೆ ಬುಧವಾರ ಡಿಪೊ ಅಮ್ಮನ ಹಾಸಿಗೆಯ ಹತ್ತಿರ. ಕಚ್ಚಿದ ಸಂಗತಿ ಹೊರಬಿದ್ದರೆ ಯಾವತ್ತಿಗೂ ಇಲ್ಲ.

"ಬಳೆ ತಾಗ್ತು, ಹೆದರ್ಕೊಂಡ," ಎಂದ ಅಪ್ಪ. "ಒಂದೇ ಒಂದು ಸಲ. ನಿಮ್ಮಮ್ಮನ ಮುಖ ನೋಡಿ ಸುಮ್ಮನಿರು. ಕೈ ಮುಗೀತೀನಿ."

ಸೂಜಿ ಸಿಟ್ಟಿನಲ್ಲಿ ಇದ್ದರೂ ಅಮ್ಮನ ಮೂರು ಬೆರಳು ಕಣ್ಣ ಮುಂದೆ ಬಂದಿದ್ದವು. ಸುಮ್ಮನಿದ್ದರೆ ಏನು ಗಂಟು ಹೋಗುತ್ತದೆ ಎಂದು ಒಂದು ಗಳಿಗೆ ಅನ್ನಿಸಿತು. ಹಾಗೆ ಅನ್ನಿಸಿದ್ದಕ್ಕೆ ತನ್ನ ಮೇಲೂ ಸಿಟ್ಟು ಬಂತು.

ಮನೆಗೆ ಬಂದು, ನಾಯಿಯನ್ನು ಹಿತ್ತಿಲಲ್ಲಿ ಕಟ್ಟಲು ಸರಪಳಿ ಹುಡುಕುತ್ತ ಅಪ್ಪನ ಕೋಣೆಗೆ ಹೋದಳು. ಬಾಗಿಲ ಹಿಂದೆ ಅವಳದೇ ಗುಂಡುಸೂಜಿ ಚುಚ್ಚಿ ಒಂದು ಹಾಳೆ ಸಿಕ್ಕಿಸಿತ್ತು. ಹಳೇ ಕ್ಯಾಲೆಂಡರಿನ ಹಿಂಭಾಗ. ಬಸ್ಸಿನ ಟ್ರಿಪ್ ಶೀಟಿನ ಹಾಗೆ ಗೆರೆ ಎಳೆದು, ದಿನ ಬರೆದು, ಎದುರಿಗೆ ಅಂಕಿ ಹಾಕಿದ್ದ. ಮೇಲೆ ತಲೆಬರಹ: 'ಗುರ್'. ಮೊದಲ ವಾರ ದಿನಕ್ಕೆ ಒಂಬತ್ತು, ಒಂಬತ್ತು, ಎಂಟು. ಆಮೇಲೆ ಏಳು, ನಾಲ್ಕು, ಎರಡು. ಒಟ್ಟು ಐದು ವಾರ. ಕೊನೆಯ ಎಂಟು ದಿನ ಬರೀ ಸೊನ್ನೆ, ಪ್ರತಿ ಸೊನ್ನೆಯ ಕೆಳಗೂ ಎರಡೆರಡು ಗೆರೆ. ಪಕ್ಕದ ಮೊಳೆಯಲ್ಲಿ ಅವನ ಹಳೇ ಚರ್ಮದ ಚೀಲದ ಪಟ್ಟಿ ನೇತಾಡುತ್ತಿತ್ತು.

ಐದು ವಾರದಿಂದ ಯಂತ್ರ ತುಳಿಯುವಾಗ ಗೋಡೆಯಾಚೆಯಿಂದ 'ಫಟ್, ಫಟ್' ಎಂದು ಕೇಳುತ್ತಿತ್ತು. ಅಪ್ಪ ಚಾಪೆ ಕೊಡವುತ್ತಿದ್ದಾನೆ ಎಂದುಕೊಂಡಿದ್ದಳು.

ಶುಕ್ರವಾರ ಬೆಳಿಗ್ಗೆ ಎಂಟಕ್ಕೆ ಸೂಜಿ ಅಂಚೆ ಕಚೇರಿಯಲ್ಲಿದ್ದಳು. ಪೋಸ್ಟಕ್ಕ ಉದ್ದನೆಯ ಮೇಜಿನ ಮುಂದೆ ನಿಂತು ಕಾಗದಗಳನ್ನು ಬೀದಿವಾರು ಗೂಡುಗಳಿಗೆ ಹಾಕುತ್ತಿದ್ದಳು. ನಾಯಿ ಇರುವ ಮನೆಗಳ ಕಾಗದದ ಕಟ್ಟಿಗೆ ಕೆಂಪು ದಾರ ಕಟ್ಟುವುದು ಅವಳ ಪದ್ಧತಿ. ಇಪ್ಪತ್ತಾರು ವರ್ಷದ ನೌಕರಿಯಲ್ಲಿ ಮೂರು ಸಲ ಕಚ್ಚಿಸಿಕೊಂಡಿದ್ದಳು. ಮೂರೂ ಸಲ ಕಚ್ಚಿದ್ದು 'ನಮ್ಮದು ಏನೂ ಮಾಡಲ್ಲ ಬನ್ನಿ' ಎಂದು ಮನೆಯವರು ಹೇಳಿದ ನಾಯಿ.

ಪೋಸ್ಟಕ್ಕ ಬ್ಯಾಂಡೇಜು ನೋಡಿದಳು. ಸೂಜಿ ಕಿತ್ತು ತಂದಿದ್ದ ಹಾಳೆ ಓದಿದಳು. ಎರಡು ಸಲ ಓದಿದಳು.

"ಬರೆದಿದ್ದು ಯಾರು?"

"ಅಪ್ಪ."

"ಹೊಡೆದಿದ್ದು?"

"ಅಪ್ಪನೇ. ಗುರ್ ಅಂದಾಗೆಲ್ಲ ಚೀಲದ ಪಟ್ಟೀಲಿ. ಆದ್ರೆ ಪೋಸ್ಟಕ್ಕ, ಒಂದು ನನಗೆ ಅರ್ಥ ಆಗ್ತಿಲ್ಲ. ಗುರ್ ಅನ್ನೋದು ಕಡಿಮೆ ಆದ್ರೆ ಒಳ್ಳೇದೇ ಅಲ್ವಾ? ಸಾಧು ಆಯ್ತು ಅಂತ ತಾನೇ? ಮತ್ತೆ ಯಾಕೆ ಕಚ್ತು?"

ಪೋಸ್ಟಕ್ಕ ಕೈಯಲ್ಲಿದ್ದ ಮೊಹರನ್ನು ಮೇಜಿಗೆ ಕುಕ್ಕಿದಳು. ಆಚೆ ಕೂತಿದ್ದ ಗುಮಾಸ್ತ ತಲೆ ಎತ್ತಿ ನೋಡಿ ಮತ್ತೆ ಬಗ್ಗಿಸಿದ.

"ಸಾಧು ಅಲ್ಲ ಕಣೇ, ಮೂಕ. ಗುರ್ ಅನ್ನೋದು ನಾಯಿ ಮಾತು. 'ದೂರ ಸರಿ, ನನಗೆ ಕಷ್ಟ ಆಗ್ತಿದೆ' ಅಂತ. ಅದಕ್ಕೂ ಮುಂಚೆ ಇನ್ನೂ ಮೆಲ್ಲಗೆ ಹೇಳಿರುತ್ತೆ. ಮುಖ ತಿರುಗಿಸುತ್ತೆ, ತುಟಿ ನೆಕ್ಕುತ್ತೆ, ಸುಮ್ಮಸುಮ್ಮನೆ ಆಕಳಿಸುತ್ತೆ, ಮೈ ಬಿಗಿ ಮಾಡುತ್ತೆ. ನಾವು ನೋಡಲ್ಲ. ಆಮೇಲೆ ಗುರ್ ಅನ್ನುತ್ತೆ. ಅದಕ್ಕೆ ಹೊಡೆದ್ರೆ ಅದು ಕಲಿಯೋದು ಒಂದೇ. ಗುರ್ ಅಂದ್ರೆ ಏಟು ಬೀಳುತ್ತೆ ಅಂತ. ಗುರ್ ಅನ್ನೋದು ಬಿಡುತ್ತೆ. ಕಷ್ಟ ಎಲ್ಲಿ ಹೋಯ್ತು? ಒಳಗೇ ಇದೆ. ಇನ್ನು ಉಳಿದಿದ್ದು ಹಲ್ಲೊಂದೇ."

"ಅಯ್ಯೋ."

"ಮೂವತ್ತು ವರ್ಷ ಬಸ್ಸಲ್ಲಿ ಇದ್ದ ಮನುಷ್ಯ! ಹಾರ್ನಿನ ವೈರು ಕಿತ್ತು ಹಾಕಿ, ಬ್ರೇಕು ಸರಿ ಹೋಯ್ತು ಅಂತ ದಿನಾ ಸೊನ್ನೆ ಬರ್ಕೊಂಡು ಕೂತಿದಾರೆ ಮಹಾನುಭಾವರು." ಅವಳ ದನಿ ಸ್ವಲ್ಪ ತಗ್ಗಿತು. "ನಾನೇನು ಕಡಿಮೆಯಾ? ಹೋದ ವಾರ ತರಗತೀಲಿ ಡಿಪೊ ಒಂದು ಸದ್ದು ಮಾಡಲಿಲ್ಲ. ಎಲ್ಲರ ಮುಂದೆ 'ಕಂಡಕ್ಟರಣ್ಣನ ನಾಯಿ ನೋಡಿ ಕಲೀರಿ' ಅಂತ ಚಪ್ಪಾಳೆ ಹೊಡೆಸಿದೆ. ಏಕಾಏಕಿ ಮೌನ ಆದ ನಾಯಿ ನೋಡಿ ನನಗೆ ಅನುಮಾನ ಬರಬೇಕಿತ್ತು. ಬರಲಿಲ್ಲ."

"ಈಗೇನು ಮಾಡ್ತೀರಿ?"

"ಪರೀಕ್ಷೆ ಪಟ್ಟಿಯಿಂದ ಹೆಸರು ಹೊಡೀತೀನಿ. ಕಚ್ಚಿದ ನಾಯಿಯನ್ನ ನಾವು ರೋಗಿ ಹತ್ತಿರ ಬಿಡಲ್ಲ. ಅದು ಮುಗೀತು."

"ಅಮ್ಮನಿಗೆ ಆಸೆ ಇತ್ತು."

"ಗೊತ್ತು," ಎಂದಳು ಪೋಸ್ಟಕ್ಕ. ಅವಳ ಕೈಯಲ್ಲಿದ್ದ ಕಾಗದ ತಪ್ಪು ಗೂಡಿಗೆ ಹೋಯಿತು. ತೆಗೆದು ಸರಿಯಾದ ಗೂಡಿಗೆ ಹಾಕಿದಳು.

ಸಂಜೆ ಬಟವಾಡೆ ಮುಗಿಸಿ ಪೋಸ್ಟಕ್ಕ ಮನೆಗೆ ಬಂದಳು. ಅಪ್ಪನಿಗೆ ಅವಳ ಸೈಕಲ್ ಗಂಟೆ ಕೇಳಿಯೇ ಎಲ್ಲ ತಿಳಿಯಿತು. ಮಗಳ ಕಡೆ ತಿರುಗಿದ.

"ಹೆತ್ತ ಅಪ್ಪನ ಮೇಲೆ ಚಾಡಿ ಹೇಳಿ ಬಂದೆಯಾ?"

"ಹೇಳಿದೆ. ಇನ್ನೊಂದು ಸಲ ಬೇಕಾದ್ರೂ ಹೇಳ್ತೀನಿ."

"ಕಂಡಕ್ಟರಣ್ಣ, ಅವಳನ್ನ ಬಿಡಿ. ನನ್ನ ಹತ್ರ ಮಾತಾಡಿ," ಎಂದಳು ಪೋಸ್ಟಕ್ಕ. "ನನ್ನ ತರಗತೀಲಿ ಒಂದು ದಿನ ಕೋಲು ನೋಡಿದೀರಾ? ಒಳ್ಳೇ ಕೆಲಸ ಮಾಡಿದ ಕ್ಷಣಕ್ಕೆ ತಿನಿಸು ಕೊಡಿ, ಹೆದರಿದ್ರೆ ದೂರ ಕರ್ಕೊಂಡು ಹೋಗಿ ಅಂತ ತಾನೇ ಕಲಿಸಿದ್ದು? ಪಟ್ಟೀಲಿ ಬಾರಿಸಿ ಅಂತ ಹೇಳಿದ್ಯಾರು?"

"ದಂಡಂ ದಶಗುಣಂ ಅಂತ ದೊಡ್ಡವರು ಸುಮ್ಮನೆ ಹೇಳಿಲ್ಲಮ್ಮ. ನಿಮ್ಮ ತಿನಿಸಿಗೆ ಆರು ತಿಂಗಳು ಬೇಕು. ನನ್ನ ಹೆಂಡತಿ ಆರು ತಿಂಗಳು ಕಾಯಬೇಕಾ? ಐದು ವಾರದಲ್ಲಿ ಸೊನ್ನೆಗೆ ತಂದಿದೀನಿ. ಹಾಳೆ ನೋಡಿ ಬೇಕಾದ್ರೆ!"

"ನೋಡಿದೆ. ಆ ಪಟ್ಟಿ ತನ್ನಿ ಇಲ್ಲಿ."

ಅಪ್ಪ ತಂದ. ಪೋಸ್ಟಕ್ಕ ಅವನನ್ನು ಹಿತ್ತಿಲ ಬಾಗಿಲಲ್ಲಿ, ಕಟ್ಟಿದ ನಾಯಿಯಿಂದ ಹತ್ತು ಹೆಜ್ಜೆ ದೂರ ನಿಲ್ಲಿಸಿದಳು. "ಏನೂ ಮಾಡಬೇಡಿ. ಸುಮ್ಮನೆ ಕೈಯಲ್ಲಿ ಹಿಡ್ಕೊಂಡು ನಿಂತ್ಕೊಳ್ಳಿ. ಸೂಜಿ, ನಾಯಿ ಏನು ಮಾಡುತ್ತೆ ಹೇಳು."

ಸೂಜಿ ನೋಡಿದಳು. "ತುಟಿ ನೆಕ್ಕಿಕೊಳ್ತಿದೆ. ಮುಖ ಆ ಕಡೆ ತಿರುಗಿಸ್ತು. ಕಣ್ಣಿನ ಬಿಳಿ ಭಾಗ ಕಾಣ್ತಿದೆ. ಬಾಲ ಒಳಗೆ ಹೋಯ್ತು... ಈಗ ಆಕಳಿಸ್ತು."

"ಸದ್ದು?"

"ಇಲ್ಲ."

"ಸಾಕು, ಪಟ್ಟಿ ಒಳಗಿಡಿ. ಕಂಡಕ್ಟರಣ್ಣ, ನಿಮ್ಮ ಸೊನ್ನೆ ಅಂದ್ರೆ ಇದು. ಅದು ಹೆದರಿ ಸಾಯ್ತಿದೆ, ಬಾಯಿ ಬಿಡೋಕೆ ನೀವು ಬಿಟ್ಟಿಲ್ಲ."

ಕಾಂಪೌಂಡಿನ ಮೇಲಿಂದ ಮೆಕ್ಯಾನಿಕ್ಕಿನ ತಲೆ ಕಾಣಿಸಿತು. "ಅದಕ್ಕೇ ಹೇಳೋದು, ಬೊಗಳೋ ನಾಯಿ ಕಚ್ಚಲ್ಲ ಅಂತ."

"ಬೊಗಳೋದೂ ಕಚ್ಚುತ್ತೆ, ಬೊಗಳದ್ದೂ ಕಚ್ಚುತ್ತೆ. ನನ್ನ ಕಾಲು ತೋರಿಸ್ಲಾ?" ಎಂದಳು ಪೋಸ್ಟಕ್ಕ. "ನೀವು ಹೋದ ವರ್ಷ ಮೂಲೆ ಮನೆ ನಾಯೀನ ಹೊಳೆ ಆಚೆ ಬಿಟ್ರಲ್ಲ, ಏನಾಯ್ತು? ಲಸಿಕೆ ಆಗಿದ್ದ ಒಂದು ನಾಯಿ ಹೋಯ್ತು, ಯಾವ ಲಸಿಕೆಯೂ ಇಲ್ಲದ ಮೂರು ಅದೇ ಜಾಗಕ್ಕೆ ಬಂದವು. ಅವನ್ನ ಹಿಡಿದು ಲಸಿಕೆ, ಆಪರೇಷನ್ ಮಾಡಿಸೋಕೆ ನಮಗೆ ನಾಲ್ಕು ತಿಂಗಳು ಹಿಡೀತು. ಬಲೆ ಹಿಡಿಯೋಕೆ ಬನ್ನಿ ಅಂದ್ರೆ ನಿಮಗೆ ಸೊಂಟನೋವು."

ತಲೆ ಕೆಳಗಿಳಿಯಿತು.

ಅಪ್ಪ ಇನ್ನೂ ಸೋತಿರಲಿಲ್ಲ. "ಏನೇ ಆಗ್ಲಿ. ನನ್ನ ಹೆಂಡತಿ ಮುಂದೆ ಡಿಪೊ ಹಾಗೆ ಮಾಡಲ್ಲ. ಅವಳು ಸಾಕಿದ ನಾಯಿ. ಬುಧವಾರ ಒಂದೇ ಒಂದು ಸಲ ಕರ್ಕೊಂಡು ಹೋಗ್ತೀನಿ. ನಾನೇ ಹಗ್ಗ ಹಿಡ್ಕೊಂಡಿರ್ತೀನಿ..."

"ನಾನೂ ಸಾಕಿಲ್ವಾ ಅದನ್ನ? ನೋಡಿಲ್ಲಿ!" ಸೂಜಿ ಬ್ಯಾಂಡೇಜು ಕಟ್ಟಿದ ಕೈಯನ್ನು ಅವನ ಮುಖದ ಮುಂದೆ ಹಿಡಿದಳು. "ನಾಲ್ಕು ವರ್ಷದಿಂದ ನನ್ನ ಕಾಲ ಕೆಳಗೆ ಮಲಗಿದ ನಾಯಿ ಅಪ್ಪಾ ಇದು. ಹಲ್ಲು ತಾಗಿದ ಕೂಡಲೇ ನಾನು ಕೈ ಎಳ್ಕೊಂಡೆ, ಎರಡು ತೂತಲ್ಲಿ ಮುಗೀತು. ಅಮ್ಮನ ಎಡಗೈ ಎಳ್ಕೊಳ್ಳೋಕೆ ಬರುತ್ತಾ? ಹೇಳು. ಬರುತ್ತಾ?"

ಅಪ್ಪ ಹಿತ್ತಿಲ ಮೆಟ್ಟಿಲ ಮೇಲೆ ಕೂತ. ಪಕ್ಕದ ಬೋಗುಣಿಯಲ್ಲಿ ನೆನೆಹಾಕಿದ ಬಟ್ಟೆಯನ್ನು ಸುಮ್ಮನೆ ನೋಡುತ್ತಿದ್ದ.

ಪೋಸ್ಟಕ್ಕ ಕೇಳಿದಳು. "ನಾಲ್ಕು ವರ್ಷ ಗುರ್ ಅನ್ನದೆ ಇದ್ದ ನಾಯಿ ಐದು ವಾರದ ಹಿಂದೆ ದಿನಕ್ಕೆ ಒಂಬತ್ತು ಸಲ ಅನ್ನೋಕೆ ಶುರು ಮಾಡ್ತು. ಯಾಕೆ ಅಂತ ಯಾರಾದ್ರೂ ಯೋಚನೆ ಮಾಡಿದ್ರಾ? ಅದರ ಎಡಗಿವಿ ನೋಡಿ, ಜೋತು ಬಿದ್ದಿದೆ. ನಾಳೆ ಪಶುವೈದ್ಯರ ಹತ್ತಿರ ಹೋಗೋಣ."

ಶನಿವಾರ ಬೆಳಿಗ್ಗೆ ಹತ್ತಕ್ಕೆ ಪಶು ಆಸ್ಪತ್ರೆಯ ತಗಡಿನ ಮೇಜಿನ ಮೇಲೆ, ಬಾಯಿಗೆ ಮೆತ್ತನೆ ಪಟ್ಟಿ ಕಟ್ಟಿ, ಡಿಪೊವನ್ನು ಮಲಗಿಸಿದರು. ವೈದ್ಯರು ಎಡಗಿವಿಯೊಳಗೆ ದೀಪ ಹಾಕಿ ನೋಡಿದರು. ವಾಸನೆ ಬಾಗಿಲವರೆಗೂ ಬಂತು. ಒಳಗೆ ಕೀವು ಕಟ್ಟಿತ್ತು.

"ತುಂಬ ನೋವಿರುತ್ತೆ. ತಲೆ ಮುಟ್ಟಿದ್ರೂ ಆಗಲ್ಲ," ಎಂದರು ವೈದ್ಯರು. "ಐದಾರು ವಾರದ್ದು ಇರಬಹುದು. ಅಷ್ಟು ದಿನ ನಿಮಗೆ ಗೊತ್ತಾಗಲಿಲ್ವಾ? ಮುಟ್ಟಿದ್ರೆ ಗುರ್ ಅಂದಿರಬೇಕಲ್ಲ?"

ಕಿವಿ ನೋವು ಎಂದು ನಾಯಿ ಹೇಳಿದ ಪ್ರತಿ ಸಲವನ್ನೂ ಅಪ್ಪ ಬರೆದಿಟ್ಟಿದ್ದ. ಪ್ರತಿ ಸಲಕ್ಕೂ ತಲೆಯ ಮೇಲೆ ಪಟ್ಟಿ ಬೀಸಿದ್ದ. ವೈದ್ಯರು ಕಿವಿ ತೊಳೆದು, ಔಷಧಿ ಬರೆದು, ನಾಯಿಯನ್ನು ಇಳಿಸುವವರೆಗೆ ಅವನು ಗೋಡೆಯ ಕಡೆ ಮುಖ ಮಾಡಿ ನಿಂತಿದ್ದ. ಸೂಜಿ ಹತ್ತಿರ ಹೋಗಿ ಸಮಾಧಾನ ಹೇಳಲಿಲ್ಲ. ಅವಳ ಸಿಟ್ಟು ಇನ್ನೂ ಇಳಿದಿರಲಿಲ್ಲ. ನಿಜ ಹೇಳಬೇಕೆಂದರೆ, ಆ ಗುರುವಾರದ ಮೊದಲ ಮಾತಿಗೆ ಅವಳ ಸಿಟ್ಟು ಇವತ್ತಿಗೂ ಪೂರ್ತಿ ಇಳಿದಿಲ್ಲ.

ಭಾನುವಾರ ಅಪ್ಪ ಡಿಪೊವನ್ನು ಮನೆಯಲ್ಲೇ ಬಿಟ್ಟು ಗೋದಾಮಿನ ಅಂಗಳಕ್ಕೆ ಹೋದ. ಪರೀಕ್ಷೆಗೆ ನಾಯಿ ಹಿಡಿದುಕೊಂಡು ಜನ ಸಾಲಾಗಿ ನಿಂತಿದ್ದರು. ಕಂಡಕ್ಟರ್ ಗಂಟಲು ದೊಡ್ಡದು, ಮೈಕು ಬೇಕಾಗಲಿಲ್ಲ.

"ನನ್ನ ನಾಯಿ ನನ್ನ ಮಗಳನ್ನ ಕಚ್ತು. ಅದು ನಾಯಿ ತಪ್ಪಲ್ಲ. ಗುರ್ ಅಂದಾಗೆಲ್ಲ ನಾನು ಹೊಡೆದೆ. ಅದಕ್ಕೆ ಕಿವಿ ನೋವಿತ್ತು. ಹೋದ ವಾರ ನೀವು ನನಗೆ ಚಪ್ಪಾಳೆ ಹೊಡೆದ್ರಿ. ಅದನ್ನ ವಾಪಸ್ ತಗೊಳ್ಳಿ. ನಿಮ್ಮ ಮನೇಲೂ ಯಾರಾದ್ರೂ ಹೀಗೇ ಕಲಿಸ್ತಿದ್ರೆ, ಇವತ್ತು ಸಾಲಿಂದ ಆಚೆ ಬನ್ನಿ. ಕೇಂದ್ರದಲ್ಲಿ ಮಲಗಿರೋರಿಗೆ ಎದ್ದು ಓಡೋಕೆ ಬರಲ್ಲ."

ಹತ್ತು ದಿನ ಕಳೆಯಿತು, ಡಿಪೊ ಆರೋಗ್ಯವಾಗಿಯೇ ಇತ್ತು. ಸೂಜಿ ಚೀಟಿಯಲ್ಲಿದ್ದ ಎಲ್ಲ ದಿನವೂ ಹೋಗಿ ಲಸಿಕೆ ಮುಗಿಸಿದಳು. ಕಿವಿ ವಾಸಿಯಾಯಿತು, ಹೆದರಿಕೆ ಹೋಗಲು ಹೆಚ್ಚು ದಿನ ಬೇಕಾಯಿತು. ಹನ್ನೊಂದನೆಯ ವಾರದಲ್ಲಿ, ಊಟದ ಬಟ್ಟಲಿಗೆ ಕೈ ಹಾಕಿದ ಅಪ್ಪನನ್ನು ನೋಡಿ ಡಿಪೊ ಮೆಲ್ಲಗೆ ಗುರ್ ಎಂದಿತು. ಅಪ್ಪ ಕೈ ತೆಗೆದು ಎರಡು ಹೆಜ್ಜೆ ಹಿಂದೆ ಸರಿದ. ಕೇಂದ್ರದೊಳಕ್ಕೆ ಡಿಪೊ ಹೋಗಲೇ ಇಲ್ಲ. ಅಪ್ಪ ಹೋಗುತ್ತಾನೆ. ಬುಧವಾರ ಪೋಸ್ಟಕ್ಕನ ಜೊತೆ ಹೋಗಿ, ಅಜ್ಜಿಯ ಕಾಲು ಒರೆಸುತ್ತಾನೆ, ಯಾವ ರೋಗಿಗೆ ನಾಯಿ ಬೇಕು, ಯಾರಿಗೆ ಬೇಡ ಎಂದು ಕೇಳಿ ಬರುತ್ತಾನೆ. ಅಜ್ಜಿ ಮುಖ ತಿರುಗಿಸಿದರೆ ಅಂದಿನ ಭೇಟಿ ಅಲ್ಲಿಗೇ ಮುಗಿಸುತ್ತಾನೆ.

ಓದುತ್ತಿರುವವರೇ, ನಿಮ್ಮ ಮನೆಯಲ್ಲಿ ಅಥವಾ ಬೀದಿಯಲ್ಲಿ ನಾಯಿ ಇದ್ದರೆ ಈ ಮಾತು ನಿಮಗೇ. ಗುರ್ ಎಂದ ನಾಯಿಗೆ ಹೊಡೆಯಬೇಡಿ, ದೂರ ಸರಿಯಿರಿ, ಯಾಕೆ ಎಂದಿತು ಎಂದು ಕೇಳಿಕೊಳ್ಳಿ. ಸಾಧುವಾಗಿದ್ದ ನಾಯಿ ಏಕಾಏಕಿ ಸಿಡುಕಿದರೆ ಮೊದಲು ಪಶುವೈದ್ಯರಿಗೆ ತೋರಿಸಿ. ಕಚ್ಚಿದರೆ ಖಾರದ ಪುಡಿ, ಸುಣ್ಣ, ಎಣ್ಣೆ ಯಾವುದೂ ಬೇಡ. ನಲ್ಲಿ ನೀರು, ಸೋಪು, ಹದಿನೈದು ನಿಮಿಷ. ಅದೇ ದಿನ ಆಸ್ಪತ್ರೆಗೆ ಹೋಗಿ, ಹೇಳಿದಷ್ಟೂ ಲಸಿಕೆ ಹಾಕಿಸಿಕೊಳ್ಳಿ. ಬೀದಿ ನಾಯಿಯನ್ನು ಹೊಳೆ ದಾಟಿಸಿದರೆ ಬೀದಿ ಸುರಕ್ಷಿತವಾಗುವುದಿಲ್ಲ. ಲಸಿಕೆ, ಆಪರೇಷನ್ ಮಾಡಿಸುವವರ ಜೊತೆ ಬಲೆಯ ಒಂದು ತುದಿ ಹಿಡಿಯಿರಿ. ನಾಯಿಯನ್ನು ರೋಗಿಗಳ ಹತ್ತಿರ ಕರೆದೊಯ್ಯುವ ಮನಸ್ಸಿದ್ದರೆ ಬಹಳ ಸಂತೋಷ, ತರಗತಿಗೆ ಬನ್ನಿ, ಆದರೆ ಅವಸರ ಬೇಡ. ಎಲ್ಲ ನಾಯಿಗೂ ಆ ಕೆಲಸ ಹಿಡಿಸುವುದಿಲ್ಲ. ಹಿಡಿಸದ ನಾಯಿ ಕೆಟ್ಟ ನಾಯಿಯಲ್ಲ. ಎಲ್ಲಕ್ಕಿಂತ ಮುಖ್ಯ, ಕಚ್ಚಿದ ಸಂಗತಿಯನ್ನು ಮುಚ್ಚಿಡಬೇಡಿ.

ಆ ಭಾನುವಾರ ಪರೀಕ್ಷೆಗೆ ಸಾಲಿನಲ್ಲಿ ನಿಂತಿದ್ದವರು ಹನ್ನೆರಡು ಜನ. ಕಂಡಕ್ಟರ್ ಮಾತು ಮುಗಿಸಿದ ಮೇಲೆ ನಾಲ್ವರು ಹೆಸರು ಹೊಡೆಸಿ, ತಮ್ಮ ನಾಯಿಗಳನ್ನು ಕರೆದುಕೊಂಡು ಮನೆಗೆ ಹೋದರು.